ಪಿಕಪ್ ಗಾಡಿಗೇ ಪಿಕಪ್ ಇಲ್ಲ: ಒಂದು ಡೀಸೆಲ್ ಇಂಜಿನ್ನಿನ ಪ್ರಕರಣ

ಗಾಡಿಯ ಕಂಪನಿ, ಮಾಲೀಕರ ಹೆಸರು, ನಡುವೆ ಕೈಯಾಡಿಸಿದ ಗ್ಯಾರೇಜುಗಳ ಗುರುತು ಯಾವುದನ್ನೂ ಇಲ್ಲಿ ಕೊಟ್ಟಿಲ್ಲ. ತೀರ್ಥಹಳ್ಳಿ ಸೀಮೆಯ ಒಂದು ಅಡಿಕೆ ತೋಟದ ಮನೆ ಅಂದುಕೊಂಡರೆ ಸಾಕು. ಈ ಗಾಡಿಯ ಬಾನೆಟ್ ಎತ್ತಿದವರಲ್ಲಿ ನಾನು ನಾಲ್ಕನೆಯವನು. ಮೊದಲ ಮೂವರು ಎಡವಿದ ಜಾಗದಲ್ಲೇ ನಾನೂ ಎಡವಿದೆ. ಅದನ್ನು ಮುಚ್ಚಿಟ್ಟು ಬರೆದರೆ ಓದುವ ಮೆಕ್ಯಾನಿಕ್ ಹುಡುಗರಿಗೆ ಇದರಿಂದ ಪ್ರಯೋಜನವಿಲ್ಲ.

ಗಾಡಿ ಮತ್ತು ಮನೆ

2018ರಲ್ಲಿ ಕೊಂಡ, ಬಿಎಸ್ 4 ಹೊಗೆ ನಿಯಮದ ಪಿಕಪ್. ನಾಲ್ಕು ಸಿಲಿಂಡರಿನ, ಟರ್ಬೊ ಇರುವ ಕಾಮನ್ ರೈಲ್ ಡೀಸೆಲ್ ಇಂಜಿನ್. ತೊಂದರೆ ಶುರುವಾದಾಗ ಮೀಟರಿನಲ್ಲಿ 1,38,000 ಕಿಲೋಮೀಟರ್. ಮನೆಯಲ್ಲಿ ಅರವತ್ತು ದಾಟಿದ ಯಜಮಾನರು, ಅವರ ಹೆಂಡತಿ, ಗಾಡಿ ಓಡಿಸುವ ಮಗ. ಸುಗ್ಗಿಯಲ್ಲಿ ಅಡಿಕೆ ಮೂಟೆ ಹೊತ್ತು ಶಿವಮೊಗ್ಗಕ್ಕೆ ಹೋಗುತ್ತದೆ. ಉಳಿದ ದಿನ ಬಾಡಿಗೆ: ಶಾಮಿಯಾನ, ಕುರ್ಚಿ, ಹಿಂಡಿ, ಗೊಬ್ಬರ. ತಿಂಗಳಿಗೆ ಮೂರು ನಾಲ್ಕು ಸಲ ಆಗುಂಬೆ ಘಾಟಿ ಇಳಿದು ಹೆಬ್ರಿ ಕಡೆಯಿಂದ ತೆಂಗಿನಕಾಯಿ ತರುತ್ತದೆ. ಸಾಲ ತೀರಿದೆ. ಗಾಡಿ ಈಗಷ್ಟೇ ಮನೆಗೆ ದುಡಿದು ಕೊಡಲು ಶುರುಮಾಡಿತ್ತು.

2024ರ ನವೆಂಬರ್ 12ರಂದು ತೆಂಗಿನಕಾಯಿ ಲೋಡಿನಲ್ಲಿ ಘಾಟಿ ಹತ್ತುವಾಗ, ಹದಿನಾಲ್ಕು ಹೇರ್‌ಪಿನ್ ತಿರುವುಗಳ ನಡುಭಾಗದಲ್ಲಿ, ಗಾಡಿ ಇದ್ದಕ್ಕಿದ್ದಂತೆ ಸೊರಗಿತು. ಸೆಕೆಂಡ್ ಗೇರಿನಲ್ಲಿ ಎಷ್ಟು ರೇಸ್ ಕೊಟ್ಟರೂ ಏರುತ್ತಿಲ್ಲ. ಡ್ಯಾಶ್‌ಬೋರ್ಡಿನಲ್ಲಿ ಇಂಜಿನ್ ಆಕಾರದ ಹಳದಿ ದೀಪ. ಕಪ್ಪು ಹೊಗೆ ಇಲ್ಲ, ಬಿಸಿ ಏರಿಲ್ಲ, ಸದ್ದಿನಲ್ಲಿ ವ್ಯತ್ಯಾಸವಿಲ್ಲ. ಬದಿಗೆ ಹಾಕಿ ಹತ್ತು ನಿಮಿಷ ಬಿಟ್ಟು ಸ್ಟಾರ್ಟ್ ಮಾಡಿದರೆ ಏನೂ ಆಗಿಲ್ಲವೆನ್ನುವ ಹಾಗೆ ಮೇಲೆ ಹತ್ತಿತು. ಮನೆಗೆ ಬಂದ ಮಗ ಅಪ್ಪನಿಗೆ ಹೇಳಿದ್ದು ಒಂದೇ ಮಾತು: "ಅಪ್ಪಯ್ಯ, ಪಿಕಪ್ಪಿಗೇ ಪಿಕಪ್ ಇಲ್ಲ."

ಮೂರು ರಿಪೇರಿ, ಮೂರೂ "ಸರಿಹೋದವು"

ಮೊದಲ ಗ್ಯಾರೇಜಿನವರು ಡೀಸೆಲ್ ಫಿಲ್ಟರ್ ಬದಲಿಸಿದರು. ಹಳೆಯದರಿಂದ ಸ್ವಲ್ಪ ನೀರೂ ಬಂತು. ಮಲೆನಾಡಿನ ಮಳೆಗಾಲ ಮುಗಿದ ಹೊಸತರಲ್ಲಿ ಅದು ಸಹಜ. 1,600 ರೂ. ಬಿಲ್ಲಾಯಿತು. "ಟ್ಯಾಂಕ್ ಫುಲ್ ಮಾಡಿಸಿ ಓಡಿಸಿ ನೋಡಿ, ಅಡಿಯ ಕಸ ಎಳೆಯೋದು ತಪ್ಪುತ್ತೆ" ಎಂದು ಹೇಳಿ ಕಳಿಸಿದರು. ಹತ್ತು ದಿನ ಗಾಡಿ ಕುದುರೆಯಂತೆ ಓಡಿತು. ನವೆಂಬರ್ 24ರಂದು ಅಡಿಕೆ ಲೋಡಿನಲ್ಲಿ ಶಿವಮೊಗ್ಗದ ದಾರಿಯ ಒಂದು ಏರಿನಲ್ಲಿ ಮತ್ತೆ ಅದೇ ಹಳದಿ ದೀಪ.

ಎರಡನೆಯವರ ಹತ್ತಿರ, ಗಾಡಿಯ ಕಂಪ್ಯೂಟರ್ ದಾಖಲಿಸಿದ ದೋಷ ಓದುವ ಸ್ಕ್ಯಾನರ್ ಇತ್ತು. ಪಿ 0087 ಎಂಬ ಕೋಡ್ ಸಿಕ್ಕಿತು. ರೈಲಿನಲ್ಲಿ ಡೀಸೆಲ್ ಒತ್ತಡ ಕಡಿಮೆಯಾಗಿದೆ ಎಂದು ಅದರ ಅರ್ಥ. ಇಲ್ಲಿ ಸ್ವಲ್ಪ ನಿಲ್ಲಬೇಕು, ಏಕೆಂದರೆ ಈ ಪ್ರಕರಣದಲ್ಲಿ ಹೆಚ್ಚು ದುಡ್ಡು ಪೋಲಾದದ್ದು ಈ ಕೋಡಿನ ಹೆಸರಿನಲ್ಲಿ. ಕಾಮನ್ ರೈಲಿನಲ್ಲಿ ಪಂಪು ಡೀಸೆಲನ್ನು "ರೈಲ್" ಎಂಬ ಒಂದು ದಪ್ಪ ಪೈಪಿಗೆ ಭಾರಿ ಒತ್ತಡದಲ್ಲಿ ತುಂಬುತ್ತದೆ. ಇಂಜಿನ್ ಸುಮ್ಮನೆ ಉರಿಯುವಾಗ ಸುಮಾರು 300 ಬಾರ್ (ಒತ್ತಡದ ಅಳತೆ), ಲೋಡಿನಲ್ಲಿ ಏರುವಾಗ ಸಾವಿರ ಬಾರ್‌ಗೂ ಮೇಲೆ. ಗಾಡಿಯ ಕಂಪ್ಯೂಟರ್ ಬೇಕಾದ ಒತ್ತಡವನ್ನೂ ಇರುವ ಒತ್ತಡವನ್ನೂ ಹೋಲಿಸುತ್ತಲೇ ಇರುತ್ತದೆ. ವ್ಯತ್ಯಾಸ ಮಿತಿ ಮೀರಿದರೆ ಇಂಜಿನ್ ಉಳಿಸಲು ಶಕ್ತಿ ತಗ್ಗಿಸಿ ದೀಪ ಹಚ್ಚುತ್ತದೆ. ಒತ್ತಡ ಯಾಕೆ ಬಿತ್ತು ಅನ್ನುವುದು ಕೋಡಿನಲ್ಲಿ ಇರುವುದಿಲ್ಲ. ಸೆನ್ಸರ್ ಸುಳ್ಳು ಹೇಳುತ್ತಿರಬಹುದು. ಸಿಲಿಂಡರಿಗೆ ಡೀಸೆಲ್ ಚಿಮ್ಮುವ ನಾಝಲ್ ಸವೆದು ಡೀಸೆಲ್ ಹಿಂದಕ್ಕೆ ಸೋರುತ್ತಿರಬಹುದು. ಪಂಪ್ ಸವೆದಿರಬಹುದು. ಅಥವಾ ಪಂಪಿಗೇ ಸರಿಯಾಗಿ ಡೀಸೆಲ್ ಬರುತ್ತಿಲ್ಲದಿರಬಹುದು. ಎರಡನೆಯವರು ಸೆನ್ಸರ್ ಅಂದರು, ಬದಲಿಸಿದರು. 6,500 ರೂ. ಟ್ಯಾಂಕ್ ಫುಲ್ ಮಾಡಿಸಿ ಟ್ರಯಲ್ ನೋಡಿದರು, ಗಾಡಿ ಹಾರಿತು. ಡಿಸೆಂಬರ್ 5ರಂದು ನಿಂತಿತು, 7ರಂದು ಮತ್ತೆ ನಿಂತಿತು.

ಮೂರನೆಯದು ಡೀಸೆಲ್ ಲ್ಯಾಬು, ಪಂಪು ನಾಝಲ್ ರಿಪೇರಿಯ ಜಾಗ. ಅಲ್ಲಿ ಬಾಟಲ್ ಟೆಸ್ಟ್ ಮಾಡಿದರು: ನಾಲ್ಕೂ ನಾಝಲ್‌ಗಳ ರಿಟರ್ನ್ ಪೈಪಿಗೆ (ಮಿಕ್ಕ ಡೀಸೆಲ್ ಟ್ಯಾಂಕಿಗೆ ಮರಳುವ ಪೈಪು) ಒಂದೊಂದು ಬಾಟಲಿ ಕಟ್ಟಿ, ಯಾವುದು ಹೆಚ್ಚು ತುಂಬುತ್ತದೆ ಎಂದು ನೋಡುವುದು. ಎರಡು ಬಾಟಲಿ ಉಳಿದೆರಡಕ್ಕಿಂತ ಹೆಚ್ಚು ತುಂಬಿದ್ದು ನಿಜ. 1,38,000 ಓಡಿದ ಗಾಡಿಯಲ್ಲಿ ಅಷ್ಟು ಸವೆತ ಇರುತ್ತದೆ. ಎರಡನ್ನು ಬಿಚ್ಚಿ ಹೊಸ ಬಿಡಿಭಾಗ ಹಾಕಿ ಕೋಡಿಂಗ್ ಮಾಡಿಸಿದರು, ಅಂದರೆ ಅವುಗಳ ಗುರುತನ್ನು ಗಾಡಿಯ ಕಂಪ್ಯೂಟರಿಗೆ ಕೊಡಿಸಿದರು. 26,000 ರೂ. ಅವರು ಮೋಸ ಮಾಡಿದರೆಂದು ನಾನು ಹೇಳಲಾರೆ. ಕಂಡದ್ದನ್ನು ರಿಪೇರಿ ಮಾಡಿದರು, ಅಷ್ಟೇ. ಕಂಡ ದೋಷವೇ ಕಾಡುವ ದೋಷವಾಗಿರಬೇಕೆಂದಿಲ್ಲವಲ್ಲ. ಡಿಸೆಂಬರ್ 16ರಂದು ಮತ್ತೆ ಟ್ಯಾಂಕ್ ಫುಲ್ ಮಾಡಿಸಿ ಹೊರಟ ಗಾಡಿ 27ಕ್ಕೆ ನಿಂತಿತು. "ಹಾಗಾದ್ರೆ ಇನ್ನು ಉಳಿದಿದ್ದು ಹೈ ಪ್ರೆಷರ್ ಪಂಪು" ಎಂದು 48,000 ರೂಪಾಯಿಯ ಅಂದಾಜು ಪಟ್ಟಿ ಬಂತು. ಯಜಮಾನರು 5,000 ಮುಂಗಡ ಕೊಟ್ಟುಬಿಟ್ಟರು. ಉಳಿದದ್ದಕ್ಕೆ ಅಡಿಕೆಯನ್ನು ದರ ನೋಡದೆ ಮಾರಬೇಕು. ಆಗ ಯಾರೋ ನನ್ನ ಹೆಸರು ಹೇಳಿದ್ದಾರೆ.

ನಾನೂ ಎಡವಿದ್ದು

ಜನವರಿ 4ರಂದು ಗಾಡಿ ಬಂತು. ಪಂಪಿನ ಮಾತು ಸರಿಯೇ ಎಂದು ನೋಡಲು ಮೊದಲು ಹಳೆಯ ಫಿಲ್ಟರ್ ಕೊಯ್ದೆ. ಪಂಪು ಒಳಗೊಳಗೇ ತಿಂದುಕೊಳ್ಳುತ್ತಿದ್ದರೆ ಲೋಹದ ಮಿನುಗು ಪುಡಿ ಸಿಸ್ಟಮ್ಮಿನಲ್ಲೆಲ್ಲ ತಿರುಗಿ, ರಿಟರ್ನ್ ಮೂಲಕ ಟ್ಯಾಂಕಿಗೆ ಹೋಗಿ, ಫಿಲ್ಟರಿನ ಕಾಗದದ ಮಡಿಕೆಗಳಲ್ಲಿ ಕೂರುತ್ತದೆ. ಒಂದು ಕಣವೂ ಇರಲಿಲ್ಲ. ಇದೊಂದರಿಂದ ಪಂಪನ್ನು ಪೂರ್ತಿ ನಿರ್ದೋಷಿ ಅನ್ನಲಾಗದು, ಆದರೆ 48,000 ಸುರಿಯುವ ಮೊದಲು ಕೈ ತಡೆಯಲು ಸಾಕಿತ್ತು.

ಉಳಿದ ದಾರಿ ಒಂದೇ, ಪಂಪಿಗೆ ಡೀಸೆಲ್ ಬರುವ ದಾರಿ. ಈ ಗಾಡಿಯ ಟ್ಯಾಂಕಿನಲ್ಲಿ ಮೋಟರ್ ಇಲ್ಲ. ಇಂಜಿನ್ನಿಗೆ ಕೂಡಿಸಿದ ಪಂಪೇ ಟ್ಯಾಂಕಿನಿಂದ ಫಿಲ್ಟರ್ ಮೂಲಕ ಡೀಸೆಲ್ ಹೀರಿಕೊಳ್ಳಬೇಕು. ಹೀರುವ ದಾರಿಯಲ್ಲಿ ಸಣ್ಣ ತೂತಿದ್ದರೆ ಡೀಸೆಲ್ ಹೊರಗೆ ಸೋರುವುದಿಲ್ಲ, ಗಾಳಿ ಒಳಗೆ ಹೋಗುತ್ತದೆ. ನೆಲದ ಮೇಲೆ ಹನಿ ಬೀಳದ್ದರಿಂದ ಯಾರಿಗೂ ಅನುಮಾನ ಬರುವುದಿಲ್ಲ. ಫಿಲ್ಟರ್ ಮತ್ತು ಪಂಪಿನ ನಡುವೆ ಒಂದಡಿ ಪಾರದರ್ಶಕ ಹೋಸ್ ಹಾಕಿ, ಅಂಗಳದಲ್ಲಿ ಅರ್ಧ ಗಂಟೆ ಇಂಜಿನ್ ಓಡಿಸಿದೆ. ಒಂದೆರಡು ಗುಳ್ಳೆ ಬಂದು ನಿಂತವು. ಫಿಲ್ಟರ್ ಹತ್ತಿರದ ರಬ್ಬರ್ ಹೋಸ್ ಬಿರುಕು ಬಿಟ್ಟಂತೆ ಕಂಡಿತು, ಬದಲಿಸಿದೆ. ಆಮೇಲೆ ಗುಳ್ಳೆಯೇ ಇಲ್ಲ. ಬೀಗಿದೆ. 700 ರೂಪಾಯಿ ತೆಗೆದುಕೊಂಡು, ಬಾಯಿ ಅಭ್ಯಾಸದಂತೆ ನಾನೂ ಅದನ್ನೇ ಹೇಳಿದೆ: "ಟ್ಯಾಂಕ್ ಫುಲ್ ಮಾಡಿಸಿ ಘಾಟಿ ಹತ್ತಿಸಿ ನೋಡಿ."

ಜನವರಿ 11ರ ಸಂಜೆ ಫೋನು ಬಂತು. ಮಗನ ದನಿಯಲ್ಲಿ ಸಿಟ್ಟಿಗಿಂತ ಸುಸ್ತು ಹೆಚ್ಚಿತ್ತು. "ಅಣ್ಣ, ನಿಂತಿದೆ. ಅದೇ ತರ."

ಲೆಕ್ಕದ ಪುಸ್ತಕ

ಮರುದಿನ ಅವರ ಮನೆಗೇ ಹೋದೆ. ನನ್ನ ತಲೆಯಲ್ಲಿ ಇದ್ದದ್ದು ಕಲಬೆರಕೆ ಡೀಸೆಲ್. ಯಾವ ಬಂಕಿನಲ್ಲಿ ಹಾಕಿಸಿದಾಗ ತೊಂದರೆ ಬರುತ್ತದೆ ಎಂದು ತಿಳಿಯಬೇಕಿತ್ತು. ಮಗನಿಗೆ ನೆನಪಿಲ್ಲ. ಅವನ ಅಮ್ಮ ಒಳಗಿನಿಂದ ಒಂದು ಉದ್ದನೆಯ ಲೆಕ್ಕದ ಪುಸ್ತಕ ತಂದಿಟ್ಟರು. ಮನೆ ಖರ್ಚು, ಕೂಲಿಯವರ ಬಟವಾಡೆ, ಹಾಲಿನ ಲೆಕ್ಕ, ಡೀಸೆಲ್, ಎಲ್ಲ ತಾರೀಖಿನೊಂದಿಗೆ ಅದರಲ್ಲಿದೆ. ಗಾಡಿ ನಿಂತ ದಿನಗಳೂ ಇವೆ, ಆದರೆ ಖರ್ಚಿನ ರೂಪದಲ್ಲಿ: "ಗಾಡಿ ನಿಂತು ಬೇರೆ ಗಾಡಿ ಬಾಡಿಗೆ 1,800", "ಗಾಡಿ ನಿಂತು ಆಟೋ 250".

ಬಂಕಿನ ಹೆಸರು ಪುಸ್ತಕದಲ್ಲಿ ಎಲ್ಲೂ ಇರಲಿಲ್ಲ. ಬಂದ ಕೆಲಸ ಕೆಟ್ಟಿತು ಅಂದುಕೊಂಡೆ. ಆದರೂ ಚಹಾ ಬರುವವರೆಗೆ ಸುಮ್ಮನೆ ಕೂರಲಾರದೆ, ಡೀಸೆಲ್ ಹಾಕಿಸಿದ ದಿನಕ್ಕೆ ಒಂದು ಗೀಟು, ಗಾಡಿ ನಿಂತ ದಿನಕ್ಕೆ ಒಂದು ಕತ್ತರಿ ಗುರುತು ಹಾಕುತ್ತಾ ಹೋದೆ. ಏಳು ಕತ್ತರಿ ಬಿದ್ದವು. ಅದರಲ್ಲಿ ಐದರ ಪಕ್ಕ, ಅದೇ ದಿನ ಇಲ್ಲವೇ ಮರುದಿನ, ಡೀಸೆಲ್ ಹಾಕಿಸಿದ ಬರಹ. ಡೀಸೆಲ್ ಹಾಕಿಸಿದ ಮೇಲಿನ ನಾಲ್ಕೈದು ದಿನಗಳಲ್ಲಿ ಒಂದು ಕತ್ತರಿಯೂ ಇಲ್ಲ. ಡಿಸೆಂಬರ್ 5 ಮತ್ತು 7, ಎರಡು ಸಲ ನಿಂತ ಆ ದಿನಗಳ ನಡುವೆ ಡೀಸೆಲ್ ಬರಹವೇ ಇಲ್ಲ. 7ರ ಸಂಜೆ 2,000ದ್ದು ಹಾಕಿಸಿದ್ದಾರೆ.

ಏಳನೆಯದು ಮಾತ್ರ ಲೆಕ್ಕಕ್ಕೆ ಕೂರುತ್ತಿರಲಿಲ್ಲ. ಅಮ್ಮನನ್ನು ಕೇಳಿದೆ. ಅವರು ಕನ್ನಡಕ ಏರಿಸಿ ನೋಡಿ ನಕ್ಕರು. "ಅಯ್ಯೋ ಮಾರಾಯ, ಅದು ಪಂಕ್ಚರ್ ಆಗಿದ್ದು."

ಅಲ್ಲಿಗೆ ಕಥೆ ತಿರುಗಿತು. ಗಾಡಿ ನಿಲ್ಲುತ್ತಿದ್ದುದು ಟ್ಯಾಂಕ್ ಅರ್ಧಕ್ಕಿಂತ ಕೆಳಗೆ ಇಳಿದಾಗ. ಖಾಲಿಯಾಗಿ ಅಲ್ಲ, ಪ್ರತಿಸಲವೂ ಕನಿಷ್ಠ ಹದಿನೈದು ಇಪ್ಪತ್ತು ಲೀಟರ್ ಇರುತ್ತಿತ್ತು. ಹಾಗಾದರೆ ಮೂರು ಗ್ಯಾರೇಜುಗಳ ರಿಪೇರಿ, ನನ್ನದೂ ಸೇರಿ ನಾಲ್ಕು, ಎಂಟು ಹತ್ತು ದಿನ "ಗುಣ ಕೊಟ್ಟದ್ದು" ಹೇಗೆ? ಪ್ರತಿಯೊಬ್ಬರೂ ರಿಪೇರಿ ಮುಗಿಸಿ ಟ್ಯಾಂಕ್ ಫುಲ್ ಮಾಡಿಸಿದ್ದೆವು. ಅರವತ್ತು ಲೀಟರಿನ ಟ್ಯಾಂಕ್ ಅರ್ಧಕ್ಕಿಂತ ಕೆಳಗಿಳಿಯಲು ಆ ಮನೆಯ ಓಡಾಟಕ್ಕೆ ಅಷ್ಟೇ ದಿನ ಬೇಕು. ಫಿಲ್ಟರ್, ಸೆನ್ಸರ್, ನಾಝಲ್, ಹೋಸ್ ಎಲ್ಲಕ್ಕೂ ಸಿಕ್ಕ ಶಹಬ್ಬಾಸ್‌ಗಿರಿ ನಿಜವಾಗಿ ಬಂಕಿಗೆ ಸಲ್ಲಬೇಕಿತ್ತು. ಅಂಗಳದಲ್ಲಿ ನನಗೆ ಗುಳ್ಳೆ ಕಾಣದ್ದಕ್ಕೂ ಕಾರಣ ಸಿಕ್ಕಿತು: ನನ್ನ ಹತ್ತಿರ ಬರುವ ಹಿಂದಿನ ಸಂಜೆ, ದೂರದ ದಾರಿಯೆಂದು, ಯಜಮಾನರು 3,000ದ್ದು ಹಾಕಿಸಿದ್ದರು. ಪುಸ್ತಕದಲ್ಲಿ ಅದೂ ಇತ್ತು.

ಮಗ ಅಷ್ಟು ಹೊತ್ತಿಗೆ ಇನ್ನೊಂದು ಮಾತು ಹೇಳಿದ. "ಬೆಳಿಗ್ಗೆ ಒಂದೊಂದು ದಿನ ಎರಡು ಮೂರು ಸಲ ಸೆಲ್ಫ್ ಹೊಡಿಬೇಕು. ಚಳಿಗೆ ಅಂದ್ಕೊಂಡಿದ್ದೆ." ರಾತ್ರಿಯಿಡೀ ನಿಂತ ಗಾಡಿಯಲ್ಲಿ ಎಲ್ಲೋ ಗಾಳಿ ಹೊಕ್ಕರೆ ಪೈಪಿನ ಡೀಸೆಲ್ ಹಿಂದಕ್ಕೆ ಟ್ಯಾಂಕಿಗೆ ಇಳಿದುಬಿಡುತ್ತದೆ. ನಮ್ಮಲ್ಲಿ ಯಾರೂ ಅವನನ್ನು ಬೆಳಗಿನ ಸ್ಟಾರ್ಟಿಂಗ್ ಬಗ್ಗೆ ಕೇಳಿರಲಿಲ್ಲ. ಅವನೂ ಹೇಳಿರಲಿಲ್ಲ.

ರಿಪೇರಿ ಬಿಟ್ಟು ರೋಗ ಬರಿಸಿದ್ದು

ಈ ಸಲ ಏನನ್ನೂ ಬದಲಿಸಬಾರದು, ತೊಂದರೆಯನ್ನು ಬೇಕೆಂದೇ ಬರಿಸಬೇಕು ಎಂದು ನಿರ್ಧರಿಸಿದೆ. ಯಜಮಾನರಿಗೆ ಇದು ಹಿಡಿಸಲಿಲ್ಲ. ಲೋಡ್ ಹಾಕಿ ಡೀಸೆಲ್ ಸುಟ್ಟು ಗಾಡಿ ನಿಲ್ಲಿಸಿಕೊಳ್ಳಲು ಘಾಟಿಗೆ ಹೋಗುವುದೇ ಎಂದು ಕೇಳಿದರು. ಕೇಳಿದ್ದು ನ್ಯಾಯ. ಒಂದು ಟ್ರಿಪ್ಪಿನ ಡೀಸೆಲ್ ನನ್ನ ಲೆಕ್ಕ ಎಂದ ಮೇಲೆ ಒಪ್ಪಿದರು.

ಜನವರಿ 16ರಂದು ಟ್ಯಾಂಕಿನಲ್ಲಿ ಸುಮಾರು 18 ಲೀಟರ್ ಉಳಿಸಿಕೊಂಡು, ಹೆಬ್ರಿಯಲ್ಲಿ ಕಾಯಿ ತುಂಬಿ, ಸೋಮೇಶ್ವರದಿಂದ ಹತ್ತತೊಡಗಿದೆವು. ಸ್ಕ್ಯಾನರ್ ನನ್ನ ಮಡಿಲಲ್ಲಿ. ಐದನೇ ತಿರುವಿನವರೆಗೆ ಬೇಕಾದ ಒತ್ತಡ, ಇರುವ ಒತ್ತಡ ಎರಡೂ ಜೋಡೆತ್ತಿನಂತೆ ಹೋಗುತ್ತಿದ್ದವು. ಆರನೆಯದರಲ್ಲಿ ಇಂಜಿನ್ 1,200 ಬಾರ್ ಕೇಳಿತು, ಇದ್ದದ್ದು ಸಾವಿರಕ್ಕಿಂತ ಕೆಳಗೆ ಜಾರುತ್ತಾ 700ರ ಹತ್ತಿರ ಬಂತು. ದೀಪ ಹತ್ತಿತು. ಬದಿಗೆ ಹಾಕಿ ಬಾನೆಟ್ ಎತ್ತಿದರೆ ಪಾರದರ್ಶಕ ಹೋಸಿನಲ್ಲಿ ಸೋಡಾ ಬಾಟಲಿಯಂತೆ ಗುಳ್ಳೆ. ಮಗನಿಗೆ ತೋರಿಸಿದೆ. ಎರಡು ತಿಂಗಳಲ್ಲಿ ಮೊದಲ ಸಲ ಅವನಿಗೆ ಕಾಯಿಲೆ ಕಣ್ಣಿಗೆ ಕಂಡಿತ್ತು.

(ಒಂದು ಎಚ್ಚರಿಕೆ ಇಲ್ಲೇ ಹೇಳಿಬಿಡುತ್ತೇನೆ. ಹಳೆಯ ಡೀಸೆಲ್ ಇಂಜಿನ್ನುಗಳಲ್ಲಿ ಏರ್ ತೆಗೆಯಲು ನಾಝಲ್ ಪೈಪಿನ ನಟ್ಟು ಸಡಿಲಿಸುತ್ತಿದ್ದೆವು. ಕಾಮನ್ ರೈಲಿನಲ್ಲಿ ಇಂಜಿನ್ ಓಡುವಾಗ ಅದನ್ನು ಮುಟ್ಟಬೇಡಿ. ಆ ಒತ್ತಡದ ಡೀಸೆಲ್ ಚರ್ಮ ಸೀಳಿ ಒಳಗೆ ಹೋಗುತ್ತದೆ. ಗಾಯ ಸೂಜಿ ಮೊನೆಯಷ್ಟೇ ಕಂಡರೂ ಬೆರಳು ಹೋಗಬಹುದು. ಫಿಲ್ಟರ್ ಮೇಲಿನ, ಕೈಯಿಂದ ಒತ್ತುವ ಹ್ಯಾಂಡ್ ಪ್ರೈಮರ್ ಇರುವುದು ಏರ್ ತೆಗೆಯುವುದಕ್ಕೇ.)

ಗಾಳಿ ಬರುತ್ತಿದೆ ಎಂದಾಯಿತು. ಎಲ್ಲಿಂದ? ಫಿಲ್ಟರಿನಿಂದ ಹಿಂದೆ ಟ್ಯಾಂಕಿನವರೆಗೆ ಮೂರು ಹೋಸ್, ಒಂದು ಉದ್ದ ಪೈಪು, ಆರು ಜೋಡಣೆ. ಒಂದೊಂದಾಗಿ ಬದಲಿಸುತ್ತಾ ಹೋದರೆ ನಾನೂ ಹಳೆಯ ದಾರಿಗೇ ಬಿದ್ದಂತೆ. ಹಾಗಾಗಿ ಕ್ಯಾನ್ ಕಟ್ಟಿದೆ. ಕ್ಯಾಬಿನ್ನಿನ ಹಿಂದೆ ಲೋಡ್ ಬಾಡಿಯಲ್ಲಿ ಡೀಸೆಲ್ ಕ್ಯಾನ್ ಬಿಗಿದು, ಸೈಲೆನ್ಸರಿನಿಂದ ದೂರ ಹೊಸ ಹೋಸ್ ಎಳೆದು, ನೇರ ಫಿಲ್ಟರಿಗೆ ಕೊಡುವುದು. ಆಗಲೂ ಒಂದು ತಪ್ಪು ಮಾಡಿದೆ: ರಿಟರ್ನ್ ಪೈಪನ್ನು ಟ್ಯಾಂಕಿಗೇ ಬಿಟ್ಟಿದ್ದೆ. ಈ ಇಂಜಿನ್ನುಗಳು ಉರಿಸುವುದಕ್ಕಿಂತ ವಾಪಸ್ ಕಳಿಸುವುದು ಹೆಚ್ಚು. ಹತ್ತು ಲೀಟರಿನ ಕ್ಯಾನ್ ಅಂಗಳದಲ್ಲೇ ಕಣ್ಣೆದುರು ಇಳಿಯಿತು, ಇಳಿದದ್ದೆಲ್ಲ ಟ್ಯಾಂಕಿಗೆ ಸೇರಿ ಅಲ್ಲಿಯ ಮಟ್ಟ ಏರಿತು. ಗಮನಿಸದೆ ಹೊರಟಿದ್ದರೆ ಪರೀಕ್ಷೆಯೂ ಕೆಡುತ್ತಿತ್ತು, ಒಣಗಿ ಓಡಿ ಪಂಪೂ ಕೆಡುತ್ತಿತ್ತು. ಆ ಪಂಪಿಗೆ ಡೀಸೆಲ್ಲೇ ಎಣ್ಣೆ. ಟ್ಯಾಂಕಿಗೆ ಸೇರಿದ್ದನ್ನು ಹೊರಗೆ ತೆಗೆದು, ರಿಟರ್ನನ್ನೂ ಕ್ಯಾನಿಗೆ ತಿರುಗಿಸಿ, ಅದೇ ಲೋಡಿನಲ್ಲಿ, ಅದೇ ಘಾಟಿ. ಹದಿನಾಲ್ಕೂ ತಿರುವು ಒಂದೇ ಉಸಿರಿಗೆ ಹತ್ತಿತು. ಪಂಪು, ನಾಝಲ್, ಸೆನ್ಸರ್, ಫಿಲ್ಟರ್ ನಾಲ್ಕನ್ನೂ ಈ ಒಂದು ಟ್ರಿಪ್ ಬಿಡುಗಡೆ ಮಾಡಿತು.

ಆಮೇಲೆ ಹೆಚ್ಚು ಹುಡುಕಬೇಕಾಗಲಿಲ್ಲ. ಹೊರಗಿನ ಹೋಸಿನಲ್ಲಿ ಬಿರುಕಿದ್ದರೆ ಟ್ಯಾಂಕ್ ತುಂಬಿದ್ದಾಗಲೂ ಒಂದಿಷ್ಟು ಕಾಟ ಇರಬೇಕಿತ್ತು. ಮಟ್ಟಕ್ಕೆ ತಕ್ಕಂತೆ ಹೀಗೆ ಬಂದು ಹೋಗುವ ಕಾಯಿಲೆ ಟ್ಯಾಂಕಿನ ಒಳಗೇ ಇರಬೇಕು. ಟ್ಯಾಂಕ್ ಇಳಿಸಿ, ಮುಚ್ಚಳದೊಂದಿಗೆ ಡೀಸೆಲ್ ಮಟ್ಟ ತೋರಿಸುವ ಫ್ಲೋಟ್ ಮತ್ತು ಹೀರುವ ಪೈಪ್ ಇರುವ ಜೋಡಣೆಯನ್ನು ಮೇಲೆತ್ತಿದೆ. ಹೀರುವ ಪೈಪಿನ ಕೆಳಗಿನ ಅರ್ಧ ಕಂಪನಿಯದಾಗಿರಲಿಲ್ಲ. ಯಾರೋ ಅದನ್ನು ಕತ್ತರಿಸಿ, ರಬ್ಬರ್ ಹೋಸಿನ ತುಂಡು ಸಿಕ್ಕಿಸಿ, ಕ್ಲಿಪ್ ಬಿಗಿದು, ತುದಿಗೆ ಜಾಲರಿ ಹಾಕಿದ್ದರು. ಹೋಸ್ ಡೀಸೆಲ್ ಕುಡಿದು ಉಬ್ಬಿ, ಕ್ಲಿಪ್ಪಿನ ಅಂಚಿನಲ್ಲಿ ಸೀಳಿತ್ತು. ಟ್ಯಾಂಕಿನ ಒಳಗೆ ಮುಳುಗಿಯೇ ಇರಬೇಕಾದ ಹೋಸಿಗೆ ಹೊರಮೈಯೂ ಡೀಸೆಲ್ ತಾಳುವಂಥದ್ದು ಬೇಕು. ಅಂಗಡಿಯ ಸಾಮಾನ್ಯ ಡೀಸೆಲ್ ಹೋಸಿನ ಒಳಮೈ ಮಾತ್ರ ಅದಕ್ಕೆ ಸಿದ್ಧವಾಗಿರುತ್ತದೆ.

ಎಳನೀರಿನ ಸ್ಟ್ರಾ ನಡುವೆ ಸೀಳಿದ್ದರೆ ಏನಾಗುತ್ತದೆ ಎಂದು ನೆನಪಿಸಿಕೊಳ್ಳಿ. ಸೀಳು ನೀರಿನೊಳಗೆ ಇರುವವರೆಗೆ ಎಳೆದರೆ ನೀರೇ ಬರುತ್ತದೆ. ನೀರು ಅದಕ್ಕಿಂತ ಕೆಳಗಿಳಿದ ಕೂಡಲೇ ಬಾಯಿಗೆ ಗಾಳಿ. ಇಲ್ಲಿ ಸೀಳು ಇದ್ದದ್ದು ಟ್ಯಾಂಕಿನ ಅರ್ಧ ಎತ್ತರಕ್ಕೆ ಸ್ವಲ್ಪ ಕೆಳಗೆ. ಪೈಪ್ ಕೂತಿರುವುದು ಟ್ಯಾಂಕಿನ ಮುಂಬದಿಯಲ್ಲಿ. ಗಾಡಿ ಏರುವಾಗ ಡೀಸೆಲ್ ಹಿಂದಕ್ಕೆ ಸರಿದು ಮುಂದಿನ ಮಟ್ಟ ಇನ್ನೂ ಇಳಿಯುತ್ತದೆ. ಲೋಡಿನಲ್ಲಿ ಪಂಪ್ ಜೋರಾಗಿ ಹೀರುತ್ತದೆ. ಸಪಾಟು ರಸ್ತೆಯಲ್ಲಿ ಖಾಲಿ ಗಾಡಿ ಯಾಕೆ ಯಾವತ್ತೂ ನಿಲ್ಲಲಿಲ್ಲ, ಹತ್ತು ನಿಮಿಷ ಬಿಟ್ಟರೆ ಯಾಕೆ ಚೇತರಿಸಿಕೊಳ್ಳುತ್ತಿತ್ತು, ಎಲ್ಲಕ್ಕೂ ಉತ್ತರ ಅಲ್ಲೇ ಇತ್ತು.

ಯಾರು ಕತ್ತರಿಸಿದ್ದು ಎಂದು ಕೇಳಿದಾಗ ಮನೆಯವರಿಗೆ ಮೊದಲು ಗೊತ್ತಾಗಲಿಲ್ಲ. ಆಮೇಲೆ ಯಜಮಾನರಿಗೆ ನೆನಪಾಯಿತು: ಹಿಂದಿನ ವರ್ಷ ಡೀಸೆಲ್ ಮುಳ್ಳು ಕೆಲಸ ಮಾಡುತ್ತಿರಲಿಲ್ಲವೆಂದು ಎಲ್ಲೋ ಟ್ಯಾಂಕ್ ಬಿಚ್ಚಿಸಿದ್ದರು. ಪೈಪಿನ ತುದಿ ತುಕ್ಕು ಹಿಡಿದಿದೆ ಎಂದು ಅಲ್ಲಿಯವರು "ಸರಿ ಮಾಡಿ" ಕೊಟ್ಟಿದ್ದರಂತೆ. ಮುಳ್ಳಿನ ರಿಪೇರಿಗೂ ಇಂಜಿನ್ನಿಗೂ ಏನು ಸಂಬಂಧ ಎಂದುಕೊಂಡು ಯಜಮಾನರು ಅದನ್ನು ಯಾರಿಗೂ ಹೇಳಿರಲಿಲ್ಲ. ನಾವು ನಾಲ್ವರೂ "ಏನು ತೊಂದರೆ" ಎಂದು ಕೇಳಿದ್ದೆವು, "ಇದಕ್ಕೆ ಮೊದಲು ಈ ಗಾಡಿಯಲ್ಲಿ ಏನೇನು ಬಿಚ್ಚಿದ್ದಾರೆ" ಎಂದು ಕೇಳಿರಲಿಲ್ಲ.

ಈಗ ನನ್ನ ಗ್ಯಾರೇಜಿನಲ್ಲಿ ಎರಡು ಪದ್ಧತಿ ಬದಲಾಗಿವೆ. ಡೀಸೆಲ್ ಗಾಡಿ ಬಂದರೆ ಜಾಬ್ ಕಾರ್ಡಿನಲ್ಲಿ ಮೊದಲು ಬರೆಯುವುದು ಟ್ಯಾಂಕಿನ ಮಟ್ಟ. ಟ್ರಯಲ್ಲಿಗೆ ಕಳಿಸುವಾಗ ಎಷ್ಟು ಡೀಸೆಲಿನಲ್ಲಿ ತೊಂದರೆ ಬಂದಿತ್ತೋ ಅಷ್ಟೇ ಡೀಸೆಲಿನಲ್ಲಿ, ಅದೇ ಲೋಡಿನಲ್ಲಿ ಕಳಿಸುತ್ತೇನೆ. ಹುಡುಗರು ಗೊಣಗುತ್ತಾರೆ. ತೊಂದರೆ ಬಂದ ಸ್ಥಿತಿಯನ್ನೇ ಬದಲಿಸಿ ಟ್ರಯಲ್ ನೋಡಿದರೆ ಏನನ್ನು ಪರೀಕ್ಷೆ ಮಾಡಿದೆವು ಎಂಬುದು ನಮಗೇ ತಿಳಿಯುವುದಿಲ್ಲ ಎಂದು ಅವರಿಗೆ ಈ ಗಾಡಿಯ ಕಥೆಯನ್ನೇ ಹೇಳುತ್ತೇನೆ.

ಹೀರುವ ಪೈಪಿನ ಸಮೇತ ಹೊಸ ಜೋಡಣೆಗೆ 4,200, ಟ್ಯಾಂಕ್ ಇಳಿಸಿ ತೊಳೆದು ಏರಿಸಿದ್ದಕ್ಕೆ 1,800. ಮೊದಲು ತೆಗೆದುಕೊಂಡ 700ನ್ನು ಅದರಲ್ಲಿ ಕಳೆದೆ. ಜನವರಿ ಕೊನೆಯೊಳಗೆ ಕಾಲು ಟ್ಯಾಂಕಿನಲ್ಲಿ ಮೂರು ಸಲ ಲೋಡ್ ಹೊತ್ತು ಘಾಟಿ ಹತ್ತಿದೆ, ದೀಪ ಬಂದಿಲ್ಲ. ನಾಝಲ್ಲಿಗೆ ಹೋದ 26,000 ಹೋಯಿತು. ಪಂಪಿಗೆ ಕೊಟ್ಟ 5,000 ಮುಂಗಡವನ್ನು ಲ್ಯಾಬಿನವರು ವಾಪಸ್ ಕೊಡಲಿಲ್ಲ, ಮುಂದೆ ಯಾವಾಗಲಾದರೂ ಕೆಲಸ ಬಂದಾಗ ವಜಾ ಹಾಕಿಕೊಳ್ಳುತ್ತೇವೆ ಎಂದರಂತೆ. ಅಮ್ಮ ಅದನ್ನು ಪುಸ್ತಕದಲ್ಲಿ "ಬರಬೇಕಾದದ್ದು" ಎಂಬ ತಲೆಬರಹದ ಕೆಳಗೆ ಬರೆದುಕೊಂಡಿದ್ದಾರೆ.